ಶಿವದಾರ

ಐದನೆಯ ಕೋಣೆಯವರಿಗೆ ಏಳನೆಯ ಕೋಣೆಯ ಕೀಲಿ ಕೊಟ್ಟುಬಿಟ್ಟಿದ್ದೇನೆಂದು ಅಮರಯ್ಯನಿಗೆ ತಿಳಿದದ್ದು ಮೇಲಿನ ಅಂತಸ್ತಿನಲ್ಲಿ ಹೆಂಗಸರು ಗೊಳ್ಳೆಂದು ನಕ್ಕಾಗ. ರೋಣದ ಕಡೆಯ ಯಾತ್ರಿಕರು. ಮಂಜಿನಲ್ಲಿ ನಿಂತು ನಿಂತು ಬಂದ ರೈಲು ಮಣಿಕರ್ಣಿಕೆಯ ಈ ಊರಿನ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಸಿದ ಮೇಲೆ ಹಲ್ಲು ಕಟಕಟಿಸುತ್ತ ಮಠದ ಬಾಗಿಲಿಗೆ ಬಂದಿದ್ದರು. ಬೀಗ ತೆಗೆದು ನೋಡಿದರೆ ಒಳಗೆ ಬೇರೆ ಯಾರದೋ ಹಾಸಿಗೆ, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಯಾರದೋ ಒದ್ದೆ ಧೋತರ. ‘ಅಯ್ಯನೋರ, ಮಂದಿ ಸಂಸಾರ ತಂದು ನಮ್ಮ ಉಡ್ಯಾಗ ಹಾಕಿದ್ರಲ್ರೀ’ ಎಂದು ಮುದುಕಿಯೊಬ್ಬಳು ಕಟಾಂಜನದಿಂದ ಬಗ್ಗಿ ಕೂಗಿದಳು. ಅಮರಯ್ಯ ನಕ್ಕ, ನಗಬೇಕಾಗಿತ್ತು. ಮೆಟ್ಟಿಲು ಹತ್ತಿ ಕೀಲಿ ಬದಲಿಸಿ ಕೊಡುವಾಗ ಮುದುಕಿ ಅಲ್ಲಿಯೇ ಬಾಗಿ ಅವನ ಪಾದ ಮುಟ್ಟಿದಳು. ಮಠದಲ್ಲಿ ಕೀಲಿ ಕಾಯುವವನಾದರೂ ಜಂಗಮ, ಅವಳಿಗೆ ಅಯ್ಯನೋರೇ. ಬಾಗಿದಾಗ ಅವಳ ಕೊರಳಿನ ಕರಡಿಗೆ, ಲಿಂಗವನ್ನು ಒಳಗಿಟ್ಟುಕೊಂಡ ಬೆಳ್ಳಿಯ ಸಣ್ಣ ಭರಣಿ, ಸೆರಗಿನಿಂದ ಜಾರಿ ಮುಂದಕ್ಕೆ ತೂಗಿತು. ಅಮರಯ್ಯನ ಕಣ್ಣು ಕರಡಿಗೆಯ ಮೇಲೆ ನಿಲ್ಲದೆ ಅದನ್ನು ಹೊತ್ತ ಶಿವದಾರದ ಮೇಲೆ ನಿಂತಿತು. ಹಲವು ಎಳೆ ಕೂಡಿಸಿ ಹೊಸೆದ ನೂಲು, ಎಣ್ಣೆಗೆ ಬೆವರಿಗೆ ಕಪ್ಪಾಗಿ ಚರ್ಮದ ಹಾಗೆ ಗಟ್ಟಿಯಾದದ್ದು. ಎಷ್ಟು ಭಾರ ತಡೆದೀತು? ಬೇಡವೆಂದರೂ ಯೋಚನೆ ಬಂದು ಕೂತಿತು. ಹೋದ ಸೋಮವಾರದಿಂದ ಅವನ ಕಣ್ಣಿಗೆ ಈ ಕೇಡು ಅಂಟಿತ್ತು. ಬಟ್ಟೆ ಒಣಹಾಕುವ ಹಗ್ಗ, ಬಾವಿಯ ಹಗ್ಗ, ದೋಣಿಯವರು ಗೂಟಕ್ಕೆ ಸುತ್ತುವ ಹಗ್ಗ, ಎಮ್ಮೆಯ ಕಣ್ಣಿ. ಈ ಊರನ್ನು ಇಷ್ಟೊಂದು ಹಗ್ಗ ಹಿಡಿದುಕೊಂಡಿದೆಯೆಂದು ಇಷ್ಟು ವರ್ಷ ಅವನಿಗೆ ಗೊತ್ತಿರಲಿಲ್ಲ.

‘ಬಿಸಿನೀರು ಬರತಾವೇನ್ರಿ?’ ಎಂದು ಮುದುಕಿ ಕೇಳುತ್ತಿದ್ದಳು. ಬರುತ್ತದೆ ಎಂದ. ಮಠದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಹೆಂಡತಿ ತಾರಾದೇವಿ ಈಗ ಮಗಳ ತಲೆ ಬಾಚುತ್ತಿರಬೇಕು. ಇವತ್ತು ಮತ್ತೆ ಆಸ್ಪತ್ರೆಗೆ ಹೋಗಬೇಕು, ಮಗಳನ್ನು ಒಳಗೆ ಬಿಟ್ಟು ಬರಬೇಕು. ಬಿಡದಿದ್ದರೆ ಮಗಳು ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಳು. ಹಾಗೆಂದೇ ಹೇಳಿರಲಿಲ್ಲ, ‘ನನಗೆ ಭಯವಿದೆ’ ಎಂದಿದ್ದಳು. ಡಾಕ್ಟರಾದವರು ನನಗೆ ಭಯವಿದೆ ಎನ್ನಬಹುದೆ? ಹೋದ ಸೋಮವಾರ ಈ ಮಾತು ಕೇಳಿದಾಗ ಅಮರಯ್ಯನಿಗೆ ಅವಳ ವಿದ್ಯೆಯ ಮೇಲೆ ಅನುಮಾನ ಬಂದಿತ್ತು.

ಹೋದ ಸೋಮವಾರ ಊರಂಚಿನ ಲಂಕಾ ಬಡಾವಣೆಯ ಆಚೆಯ ಆ ಆಸ್ಪತ್ರೆಯಲ್ಲಿ, ಮೇಲಿನ ಮಹಡಿಯ ಮನೋರೋಗಿಗಳ ವಾರ್ಡಿನ ಬಾಗಿಲಲ್ಲಿ ಆಯಾ ಒಬ್ಬಳು ಸ್ಟೀಲಿನ ತಟ್ಟೆ ಹಿಡಿದು ನಿಂತಿದ್ದಳು. ಒಳಗೆ ಹೋಗುವವರು ದಾರದಂಥದ್ದು ಏನನ್ನೂ ಒಯ್ಯುವಂತಿಲ್ಲ. ಮಗಳು ವರ್ಷಿಣಿಯ ದುಪಟ್ಟಾ ತಟ್ಟೆಗೆ ಬಿತ್ತು, ಬೂಟಿನ ದಾರ ಬಿತ್ತು, ಜಡೆಯ ಟೇಪು ಬಿತ್ತು, ಲಾಡಿಯ ಸಲ್ವಾರು ಹೋಗಿ ಇಲಾಸ್ಟಿಕ್ಕಿನ ಪೈಜಾಮ ಬಂತು. ಮಗಳ ಒಂದೊಂದೇ ಗಂಟು ಬಿಚ್ಚುವುದನ್ನು ನೋಡುತ್ತ ಅಮರಯ್ಯ ಗೋಡೆಯ ಕಡೆ ಮುಖ ಮಾಡಿದ್ದ. ಆಮೇಲೆ ಆಯಾ ಅವಳ ಕೊರಳಿನ ಶಿವದಾರಕ್ಕೆ ಬೆರಳು ತೋರಿಸಿ ‘ಇದೂ’ ಎಂದಳು. ಅಲ್ಲಿಯವರೆಗೆ ಸುಮ್ಮನಿದ್ದವನಿಗೆ ಏನಾಯಿತೋ. ಹುಟ್ಟಿದ ವಾರದೊಳಗೇ ಕಟ್ಟಿದ್ದು, ಸ್ನಾನಕ್ಕೂ ನಿದ್ದೆಗೂ ಹೆರಿಗೆಗೂ ಮೈ ಬಿಟ್ಟು ಹೋಗದ್ದು, ಸತ್ತರೆ ಎಡ ಅಂಗೈಯಲ್ಲಿಟ್ಟು ಮಣ್ಣಿಗೆ ಒಟ್ಟಿಗೇ ಕಳಿಸುವಂಥದ್ದು ಎಂದು ಅವನು ತಿಳಿಹೇಳಬೇಕೆಂದಿದ್ದ. ಆದರೆ ಅವನ ಹಿಂದಿ ತರಕಾರಿ ಅಂಗಡಿಯ, ದೋಣಿಯವರ ಹಿಂದಿ. ಬಾಯಿಂದ ಬಂದದ್ದು ‘ಇದರಲ್ಲಿ ದೇವರಿದ್ದಾನೆ! ದೇವರಿದ್ದಾನೆ ಇದರಲ್ಲಿ!’ ಎಂಬ ಕೂಗು ಮಾತ್ರ. ಸಾಲಿನ ಬೆಂಚುಗಳಲ್ಲಿ ಕೂತವರೆಲ್ಲ ತಿರುಗಿ ನೋಡಿದರು, ಇವನನ್ನೇ ಸೇರಿಸಲು ತಂದಿದ್ದಾರೆ ಎಂಬ ಹಾಗೆ. ಒಬ್ಬ ಪಂಡಿತರ ಮಗ ಇದೇ ಬಾಗಿಲಲ್ಲಿ ಜನಿವಾರ ತೆಗೆದಿಟ್ಟು ಹೋದ ಬಾಬಾ ಎಂದಳು ಆಯಾ. ಅವರದು ಬೇರೆ, ನಮ್ಮದು ಬೇರೆ ಎಂದ. ಡಾಕ್ಟರಮ್ಮ ಓಡಿ ಬಂದಳು. ಮಗಳು ಮನೆಯಲ್ಲೇ ಇರುತ್ತಾಳೆ, ಅವಳ ತಾಯಿ ಕಣ್ಣಿಟ್ಟು ಕಾಯುತ್ತಾಳೆ ಎಂದು ಹೇಳಿ, ತಟ್ಟೆಯಲ್ಲಿದ್ದುದನ್ನೆಲ್ಲ ಬಾಚಿಕೊಂಡು ಹೊರಟುಬಿಟ್ಟ. ಅಷ್ಟು ಹೊತ್ತೂ ವರ್ಷಿಣಿ ಕರಡಿಗೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸಿನ ಸೀಟಿಗಾಗಿ ಬೇರೆ ಯಾರೋ ಜಗಳವಾಡುತ್ತಿದ್ದಾರೆ ಅನ್ನುವಂತೆ ಗೋಡೆ ನೋಡುತ್ತ ನಿಂತಿದ್ದಳು. ತಾರಾದೇವಿಯೂ ತುಟಿ ಎರಡು ಮಾಡಲಿಲ್ಲ. ಅವಳು ಮಾತಾಡದೆ ನನ್ನ ಬೆನ್ನಿಗೆ ನಿಂತಳು ಎಂದು ಅಮರಯ್ಯನಿಗೆ ಆವತ್ತು ಒಳಗೊಳಗೇ ಹೆಮ್ಮೆಯಾಗಿತ್ತು.

ಇದಕ್ಕೂ ಮುಂಚೆ ಕಂಡ ಡಾಕ್ಟರು ಲಿಂಗದ ಸುದ್ದಿಗೆ ಬಂದಿರಲಿಲ್ಲ. ದಸರೆಯ ಹೊತ್ತಿಗೆ ವರ್ಷಿಣಿ ಕಾಲೇಜು ಬಿಟ್ಟಳು. ಬಿಟ್ಟಳು ಎಂದರೆ ಒಂದು ಬೆಳಿಗ್ಗೆ ಏಳಲಿಲ್ಲ. ಯಾಕೆ ಎಂದರೆ ‘ಮನ್ ನಹೀಂ ಲಗ್ತಾ’ ಎಂದಳು. ಮನಸ್ಸು ಹತ್ತುವುದಿಲ್ಲ. ಯಾವುದಕ್ಕೆ ಹತ್ತುವುದಿಲ್ಲ ಎಂದು ಅವನು ಕನ್ನಡದಲ್ಲಿ ಕೇಳಿದ. ಅವಳು ಮತ್ತೆ ಹಿಂದಿಯಲ್ಲೇ ಅದನ್ನು ಹೇಳಿ ಗೋಡೆಗೆ ತಿರುಗಿದಳು. ಔಷಧಿ ಅಂಗಡಿಯವನು ತೋರಿಸಿದ ಮೊದಲ ಡಾಕ್ಟರು ಮೇಜಿನಾಚೆಯಿಂದ ಎಲ್ಲವನ್ನೂ ಅಮರಯ್ಯನನ್ನೇ ಕೇಳಿದರು. ಹುಡುಗಿ ಸ್ಟೂಲಿನ ಮೇಲೆ, ಸಂತೆಗೆ ತಂದ ಹೋರಿಯ ಹಾಗೆ, ತನ್ನ ಹಲ್ಲು ವಯಸ್ಸು ಬೇರೆಯವರ ಬಾಯಲ್ಲಿ ಕೇಳಿಸಿಕೊಳ್ಳುತ್ತ ಕೂತಿದ್ದಳು. ಬುದ್ಧಿ ಸ್ಥಿಮಿತದಲ್ಲೇ ಇದೆ ಸಾಹೇಬ್, ನೀರು ಕುಡಿಯುವ ಮೊದಲು ಇವತ್ತಿಗೂ ಲಿಂಗ ಮುಟ್ಟಿಕೊಳ್ಳುತ್ತಾಳೆ ಎಂದು ಅಮರಯ್ಯ ಸಾಕ್ಷಿ ಹೇಳಿದ. ಅದು ನಿಜ. ಎಳವೆಯಿಂದ ಅವನೇ ಕಲಿಸಿದ್ದು, ಲೋಟ ಬಾಯಿಗೆ ಹೋಗುವ ಮೊದಲು ಬಲಗೈ ಎದೆಯ ಕರಡಿಗೆಗೆ ಹೋಗಬೇಕು. ಡಾಕ್ಟರು ಪೆನ್ನು ನಿಲ್ಲಿಸದೆ ತಲೆಯಾಡಿಸಿ ಮಾತ್ರೆ ಬರೆದರು. ಮಾತ್ರೆ ನುಂಗಿ ಅವಳು ಹಗಲೂ ರಾತ್ರಿಯೂ ಬಾಯಿ ತೆರೆದು ಮಲಗಿದಳು. ತಾರಾದೇವಿ ಜೊಲ್ಲು ಒರೆಸಿದಳು. ನಿದ್ದೆ ಮಾಡುತ್ತಿದ್ದಾಳಲ್ಲ, ಗುಣವಾಗುತ್ತಿದೆ ಎಂದುಕೊಂಡ. ಎರಡನೆಯವನು ಲಂಕಾದಲ್ಲಿ, ಕೋಚಿಂಗ್ ಕ್ಲಾಸಿನ ಮೇಲಿನ ಕೋಣೆಯಲ್ಲಿ, ಗೋಡೆ ತುಂಬ ಚೌಕಟ್ಟು ಹಾಕಿದ ಸರ್ಟಿಫಿಕೇಟಿನ ನಡುವೆ ಕೂತ ಹುಡುಗ. ದಿನಾ ಬೆಳಿಗ್ಗೆ ಕನ್ನಡಿ ನೋಡಿ ಮೂರು ಸಲ ನಗಬೇಕೆಂದು ಹೇಳಿಕೊಟ್ಟ. ಮೆಟ್ಟಿಲಿಳಿದು ಬರುವಾಗ ವರ್ಷಿಣಿ ನಿಜವಾಗಿಯೂ ನಕ್ಕಳು. ‘ಅಪ್ಪಾಜಿ, ಇಂವಾ ನಮ್ಮ ಮಠದ ಆಕಳಿಗೂ ಕನ್ನಡಿ ತೋರಸ್ತಾನ ನೋಡ್ರಿ, ಹಾಲು ಜಾಸ್ತಿ ಕೊಡಲಿ ಅಂತ.’ ಎಷ್ಟೋ ದಿನಗಳ ಮೇಲೆ ಕೇಳಿದ ನಗು. ಅಮರಯ್ಯ ದಾರಿಯಲ್ಲಿ ಅವಳಿಗೆ ಹಾಲಿನ ಕೆನೆಯ ಮಲಾಯಿ ಕೊಡಿಸಿದ. ಮನೆಗೆ ಬಂದು ಅವಳು ಮತ್ತೆ ಗೋಡೆಗೆ ತಿರುಗಿದಳು. ಆ ನಗು ಯಾರ ಮೇಲಿತ್ತು ಎಂದು ಅವನು ಆಮೇಲೆ ಬಹಳ ಸಲ ಯೋಚಿಸಿದ.

ಮೂರನೆಯವಳು ಈ ಡಾಕ್ಟರಮ್ಮ. ಸೀರೆಯ ಮೇಲೆ ದೊಗಳೆ ಸ್ವೆಟರು, ಮೂಗು ಸುರಿಯುವ ನೆಗಡಿ. ಅವಳು ಮೊದಲು ಆಡಿದ ಮಾತೇ ‘ನೀವಿಬ್ಬರೂ ಹೊರಗೆ ಕೂತಿರಿ.’ ಅಮರಯ್ಯ ಹೊರಗಿನ ಬೆಂಚಿನಲ್ಲಿ ಕೂತ. ಬಾಗಿಲು ಮುಚ್ಚಿತು. ಒಳಗಿನಿಂದ ಮಗಳ ದನಿ ಕೇಳಿಸುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಸರಸರನೆ, ಒಂದೇ ಸಮನೆ, ಈ ಊರಿನ ಹುಡುಗಿಯರು ಗಲ್ಲಿಯಲ್ಲಿ ನಿಂತು ಮಾತಾಡುವಂಥ ಹಿಂದಿ. ಮನೆಯಲ್ಲಿ ತಿಂಗಳುಗಟ್ಟಲೆ ಇಲ್ಲದ ಮಾತು ಇವಳೆದುರು ಹೇಗೆ ಬಂತು? ಏನು ಹೇಳುತ್ತಿರಬಹುದು? ಮನೆ ಸಣ್ಣದೆಂದೋ, ಅಪ್ಪ ಕೀಲಿ ಕಾಯುತ್ತಾನೆಂದೋ, ಮದುವೆ ಮಾತು ತೆಗೆದು ಬೈದನೆಂದೋ? ತನ್ನ ಮನೆಯ ಕದ ತೆಗೆದು ಹೊರಗಿನವಳೊಬ್ಬಳು ಪಾತ್ರೆ ಪಗಡ ಎತ್ತಿ ನೋಡುತ್ತಿದ್ದಾಳೆ ಅನಿಸಿತು ಅವನಿಗೆ. ಆದರೆ ಮಗಳು ಹೊರಬಂದಾಗ ಮುಖ ತೊಳೆದ ಹಾಗಿತ್ತು, ಮತ್ತು ಅವಳಾಗಿಯೇ ‘ಮುಂದಿನ ವಾರ ಬರೂಣು’ ಎಂದಳು. ಮೂರು ಸಲ ಹೋದರು. ಮೂರನೆಯ ಸಲ ಡಾಕ್ಟರಮ್ಮ, ಸ್ವಲ್ಪ ದಿನ ವಾರ್ಡಿನಲ್ಲಿಟ್ಟು ನೋಡಬೇಕು ಎಂದಳು. ಇರುತ್ತೀಯಾ ಬೇಟಾ ಎಂದು ಹುಡುಗಿಯನ್ನೇ ಕೇಳಿದಳು. ಅಪ್ಪಾಜಿ ಒಪ್ಪಿದರೆ ಎಂದಳು ವರ್ಷಿಣಿ. ಅಪ್ಪಾಜಿ ಒಪ್ಪಿದ್ದ, ತಟ್ಟೆ ಕಾಣುವ ತನಕ.

ಮನೆಗೆ ವಾಪಸು ತಂದ ಮೇಲೆ ಡಾಕ್ಟರಮ್ಮನೇ ಫೋನು ಮಾಡಿದಳು. ಬೈಯುತ್ತಾಳೆಂದು ಅಮರಯ್ಯ ಗಂಟಲು ಗಟ್ಟಿ ಮಾಡಿಕೊಂಡರೆ, ಅವಳು ಕೇಳಿದ್ದು ‘ಊಟ ಮಾಡಿದಳಾ? ಈಗ ಹತ್ತಿರ ಯಾರಿದ್ದಾರೆ?’ ಎಂದಷ್ಟೆ. ಮತ್ತೆ ಎರಡು ದಿನ ಬಿಟ್ಟು ಮಾಡಿದಳು. ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ, ಬಂದು ತಿಳಿಸಿ, ದಾರಿ ಹುಡುಕೋಣ ಎಂದಳು. ನಿನ್ನೆ ಬೆಳಿಗ್ಗೆ ಅಮರಯ್ಯ ಗುರುಶಾಂತಯ್ಯ ಶಾಸ್ತ್ರಿಗಳ ಹತ್ತಿರ ಹೋದ. ಮಠದ ವಟುಗಳಿಗೆ ಪಾಠ ಹೇಳುವ ಹಿರಿಯರು. ಮಾಳಿಗೆಯ ಮೇಲೆ ಎಳೆಬಿಸಿಲಿಗೆ ಕೂತು ಹಸಿ ಬಟಾಣಿ ಸುಲಿಯುತ್ತಿದ್ದರು. ಅವನು ನೇರ ಕೇಳಲಿಲ್ಲ. ಯಾತ್ರಿಕರೊಬ್ಬರು ಕೇಳಿದರು ಎಂದ.

‘ಅಪರೇಷನ್ ಆದ್ರ ತೋಳಿಗೆ ಕಟ್ಟತಾರ, ಇಲ್ಲಾ ಮನಿಯವರ ಅಂಗೈಯಾಗ ಇಡತಾರ. ಅದಕ್ಕೇನು ದೋಷಿಲ್ಲ’ ಎಂದರು ಗುರುಶಾಂತಯ್ಯ.

‘ಅಪರೇಷನ್ ಅಲ್ರಿ. ತಲಿಗೆ ಸಂಬಂಧಪಟ್ಟಿದ್ದು. ಇಟ್ಕೊಂಡು ನೋಡ್ತಾರಂತ.’

‘ತಲಿಯೊಳಗ ಏನು ಕೊಯ್ತಾರೋ ಮಾರಾಯಾ, ಲಿಂಗಾ ತಗಿಯಾಕ?’ ಗುರುಶಾಂತಯ್ಯ ನಕ್ಕು ಒಂದು ಬಟಾಣಿ ಬಾಯಿಗೆ ಹಾಕಿಕೊಂಡರು. ಆಮೇಲೆ ಅವನ ಮುಖ ನೋಡಿದರು. ‘ಜೀವಕ್ಕ ಕಷ್ಟ ಅಂದ್ರ ತಗಿಲಿ. ಹೋಗೇಬಿಟ್ರ ಮತ್ತೊಂದು ಕಟ್ಟಿದ್ರಾತು. ನಮ್ಮೂರಾಗ ಬಾವ್ಯಾಗ ಕೆಡವಿಕೊಂಡು ಬರ್ತಿದ್ರು, ನಮ್ಮಪ್ಪ ಬೈದು ಹೊಸಾದು ಕಟ್ಟತಿದ್ದ. ನೀ ದೋಣ್ಯಾಗ ಕುಂತು ಹೇಳತಿ ನೋಡು, ಅದು ಕಥಿ ಅಷ್ಟ. ಮಂದಿ ಅಳಲಿ ಅಂತ ಹೇಳೂ ಕಥಿ.’

ದೋಣಿಯ ಕಥೆ. ಯಾತ್ರಿಕರನ್ನು ದೋಣಿಯಲ್ಲಿ ಕೂರಿಸಿಕೊಂಡು ಘಾಟು ತೋರಿಸುವಾಗ ನಡುನೀರಿನಲ್ಲಿ ಅಮರಯ್ಯ ಅದನ್ನು ಹೇಳುತ್ತಿದ್ದ. ಶರಣನೊಬ್ಬ ಹೊಳೆ ದಾಟುವಾಗ ಶಿವದಾರ ಹರಿದು ಲಿಂಗ ನೀರಿಗೆ ಬಿತ್ತು. ಅಂಬಿಗ ಮುಳುಗಿ ಹುಡುಕುತ್ತೇನೆ ಎಂದ. ಶರಣ ಬೇಡವೆಂದ, ಮೇಲಂಗಿ ಮಡಿಚಿಟ್ಟ, ನೀರಿಗೆ ಇಳಿದ, ಏಳಲಿಲ್ಲ. ‘ಲಿಂಗ ಹೋದ ಮ್ಯಾಲೆ ಜೀವಾ ಇಟ್ಕೊಳ್ಳೂದಂದ್ರ ಕಳುವಿನ ಒಡವಿ ಇಟ್ಕೊಂಡಂಗ!’ ಎಂಬ ಕೊನೆಯ ಮಾತು ಅವನು ತಾನೇ ಕಟ್ಟಿ ಸೇರಿಸಿದ್ದು. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಸಣ್ಣವಳಿದ್ದಾಗ ವರ್ಷಿಣಿ ದೋಣಿಯ ಮೂತಿಯಲ್ಲಿ ಅವನ ತೊಡೆಯ ಮೇಲೆ ಕೂತು, ಆ ಕೊನೆಯ ಮಾತನ್ನು ಅವನ ಜೊತೆಗೇ, ಕಿರುಬೆರಳು ಎತ್ತಿ, ಮುದ್ದುಮುದ್ದಾಗಿ ಹೇಳುತ್ತಿದ್ದಳು. ಯಾತ್ರಿಕರು ಕೆನ್ನೆ ಹಿಂಡಿ ಬೆಲ್ಲ ಕೊಡುತ್ತಿದ್ದರು.

ಮಾಳಿಗೆಯಿಂದ ಇಳಿದು ಬಂದಾಗ ಮನೆಯಲ್ಲಿ ಇಬ್ಬರೂ ಇರಲಿಲ್ಲ. ತಾರಾದೇವಿ ಇಷ್ಟು ದಿನವೂ ತನ್ನ ಸೆರಗಿಗೆ ಮಗಳ ಕುರ್ತಾದ ತುದಿ ಗಂಟು ಹಾಕಿಕೊಂಡು ಮಲಗುತ್ತಿದ್ದಳು. ಹಾಲಿಗೆಂದು ಅವಳು ಗಂಟು ಬಿಚ್ಚಿ ಎದ್ದ ಹೊತ್ತಿನಲ್ಲಿ ಹುಡುಗಿ ಹೊರಟುಹೋಗಿದ್ದಳು. ಹುಡುಕಿ ಹೋದ ತಾಯಿಗೆ ಸಿಕ್ಕಿದ್ದು ಹೆಣ ಸುಡುವ ಮಣಿಕರ್ಣಿಕೆಯಲ್ಲಿ, ಮಧ್ಯಾಹ್ನ ತಿರುಗಿದ ಮೇಲೆ, ಸೌದೆ ಒಟ್ಟಿದ ದಿಬ್ಬದ ಪಕ್ಕ. ನೀರಿನ ಕಡೆಗಲ್ಲ, ಬೆಂಕಿಯ ಕಡೆ ಮುಖ ಮಾಡಿ ಕೂತಿದ್ದಳಂತೆ. ಕರೆತರುವಾಗ ತಾಯಿಗೆ ಒಂದೇ ಮಾತು ಹೇಳಿದಳಂತೆ, ‘ಇವರದು ಛೊಲೋ ಅವ್ವಾ. ಕೈಯಾಗ ಏನೂ ಇಡೂದು ಬ್ಯಾಡ.’ ತಾರಾದೇವಿ ಇದನ್ನು ಹೇಳಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಅಮರಯ್ಯನಿಗೆ ಅರ್ಥವಾಗಲಿಲ್ಲ. ಅವನಿಗೆ ನೆನಪಾದದ್ದು ತಂದೆ. ಮುಂಡರಗಿಯ ಆಚೆ ಊರ ಹೊರಗಿನ ಎರೆಹೊಲದ ಬದುವಿನಲ್ಲಿ ತೋಡಿದ ಕುಣಿ, ಅದರೊಳಗೆ ಪೂಜೆಗೆ ಕೂತ ಹಾಗೆ ಕೂರಿಸಿದ ದೇಹ, ಸುತ್ತ ವಿಭೂತಿ, ಪತ್ರಿ. ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಸಲು ಹೋದರೆ ಅವು ಬಗ್ಗದೆ ಸೆಟೆದಿದ್ದವು. ಹಿರಿಯನೊಬ್ಬ ‘ಹಂಗಲ್ಲಪಾ, ಸಾವಕಾಶ, ತೊಡಿಮ್ಯಾಲೆ ಇಟ್ಟು ತಿಕ್ಕು’ ಎಂದಿದ್ದ. ಒಂದೊಂದೇ ಬೆರಳು ತಿಕ್ಕಿ ಮಡಿಸಿದ್ದ. ಆ ಮಣ್ಣು ಒದ್ದೆಯಾಗಿ ಕಪ್ಪಗೆ ಹೊಳೆಯುತ್ತಿತ್ತು. ಈ ಊರಿನಲ್ಲಿ ಎಲ್ಲರೂ ಸುಡುತ್ತಾರೆ, ನಾವು ಹೂಳುವವರು. ಆಗಲೇ ಅವನು ಡಾಕ್ಟರಮ್ಮನಿಗೆ ಫೋನು ಮಾಡಿ, ನಾಳೆ ಕರೆದುಕೊಂಡು ಬರುತ್ತೇನೆ ಎಂದದ್ದು.

ಇವತ್ತು ಗೊದೌಲಿಯಾ ಚೌಕದವರೆಗೆ ನಡೆದು ಹೋಗಿ ಆಟೋ ಹಿಡಿದರು. ಮಗಳು ನಡುವೆ, ಎರಡೂ ಕಡೆ ಅವರು. ಮಂಜಿಗೆ ಆಟೋದವನು ತಲೆಗೆ ಹೆಂಗಸಿನ ಶಾಲು ಸುತ್ತಿಕೊಂಡಿದ್ದ. ‘ದಕ್ಷಿಣದವರಾ ಗುರೂ? ದರ್ಶನ ಆಯ್ತಾ?’ ಎಂದು ಹಿಂದಿಯಲ್ಲಿ ಕೇಳಿದ. ಆಯಿತು ಎಂದ ಅಮರಯ್ಯ. ‘ಹುಡುಗಿ ಸುಮ್ಮನಿದ್ದಾಳೆ, ಚಳಿಯಾ?’ ಹೌದು ಚಳಿ ಎಂದ. ವರ್ಷಿಣಿ ಮಾತ್ರ ಆಟೋದವನಿಗೆ, ‘ಭಯ್ಯಾ, ಮುಂದೆ ನೋಡಿ ಓಡಿಸಿ, ನಾನೊಬ್ಬಳೇ ಸಾಯುವವಳು’ ಎಂದಳು. ಅವನು ಜೋಕು ಎಂದುಕೊಂಡು ತೊಡೆ ತಟ್ಟಿ ನಕ್ಕ. ಅಮರಯ್ಯನೂ ನಗಬೇಕೇ ಬೇಡವೇ ತಿಳಿಯದೆ ಬಾಯಿ ಅರ್ಧ ತೆರೆದುಕೊಂಡು ಕೂತ. ಲಂಕಾದಲ್ಲಿ ವಿಶ್ವವಿದ್ಯಾಲಯದ ಗೇಟಿನ ಎದುರು ಪುಸ್ತಕದ ಅಂಗಡಿಗಳು ಬಾಗಿಲು ತೆರೆಯುತ್ತಿದ್ದವು. ಇವಳ ವಯಸ್ಸಿನ ಹುಡುಗಿಯರು ಕಚೋಡಿಯ ದೊನ್ನೆ ಹಿಡಿದು ಹಬೆಯಾಡುವ ಬಾಯಲ್ಲಿ ಕಿರುಚಾಡುತ್ತಿದ್ದರು. ತಾರಾದೇವಿ ಮಗಳ ಮೊಣಕಾಲಿನ ಮೇಲೆ ಕೈಯಿಟ್ಟಿದ್ದಳು. ‘ನೀರು ಬೇಕೇನವಾ?’ ಎಂದಳು. ಹುಡುಗಿ ಬಾಟಲಿ ತೆಗೆದುಕೊಂಡಳು. ಬಲಗೈ ಎದೆಗೆ ಹೋಯಿತು, ಕುರ್ತಾದ ಮೇಲಿನಿಂದಲೇ ಕರಡಿಗೆ ಒತ್ತಿಕೊಂಡಿತು, ಆಮೇಲೆ ಕುಡಿದಳು. ಅಮರಯ್ಯ ಆ ಕೈಯನ್ನೇ ನೋಡಿದ. ಇಷ್ಟು ಭಕ್ತಿಯಿರುವ ಕೂಸಿನಿಂದ ಇವತ್ತು ಅದನ್ನೇ ಕಳಚಬೇಕು. ಈಚೆಗೆ ಪೂಜೆಗೆ ಕೂರುವಾಗಲೂ ಬಾಗಿಲು ಹಾಕಿಕೊಂಡು, ಒಬ್ಬಳೇ, ಎಷ್ಟು ಹೊತ್ತು! ಹೊರಗೆ ವಿಭೂತಿಯ ವಾಸನೆ ಬರುತ್ತಿತ್ತು. ಆ ವಾಸನೆ ಬರುವವರೆಗೂ ಮನೆಯಲ್ಲಿ ಏನೂ ಕೆಟ್ಟಿಲ್ಲವೆಂದು ಅವನು ನಂಬಿದ್ದ.

ಡಾಕ್ಟರಮ್ಮ ದಾರಿ ಹುಡುಕಿಟ್ಟಿದ್ದಳು. ದಾರ ಒಳಗೆ ಹೋಗಲಾರದು, ಲೋಹದ ಭರಣಿಯೂ ಹೋಗಲಾರದು. ಆದರೆ ಬೇರೆಯವರು ಯಾರೂ ಮುಟ್ಟುವುದು ಬೇಡ, ತಂದೆಯೇ ತೆಗೆದು ಇಟ್ಟುಕೊಳ್ಳಲಿ. ಬೆಳಿಗ್ಗೆ ಸಂಜೆ ತಂದೆಯೇ ತರಲಿ, ಹುಡುಗಿ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಿ ತಿರುಗಿ ಕೊಡಲಿ, ನಾನು ಪಕ್ಕದಲ್ಲಿರುತ್ತೇನೆ. ‘ಆದೀತಾ ಬಾಬಾ?’ ಎಂದಳು. ಆದೀತು ಎಂದ ಅಮರಯ್ಯ. ಇಷ್ಟು ದೊಡ್ಡ ಆಸ್ಪತ್ರೆ ತನ್ನ ದೇವರಿಗಾಗಿ ಒಂದು ಹೆಜ್ಜೆ ಸರಿದು ನಿಂತಿತ್ತು. ಈ ಊರಿನಲ್ಲಿ ಅವನಿಗೆ ಯಾರೂ ಇಷ್ಟು ಮರ್ಯಾದೆ ಕೊಟ್ಟ ನೆನಪಿರಲಿಲ್ಲ. ನಲ್ಲಿಯಲ್ಲಿ ಕೈಕಾಲು ತೊಳೆದು ಬಂದ. ವಾರ್ಡಿನ ಬಾಗಿಲಲ್ಲಿ ಅದೇ ಆಯಾ. ಹೋದ ಸೋಮವಾರದ ಕೂಗು ಅವಳಿಗೆ ನೆನಪಿತ್ತು. ದುಪಟ್ಟಾ, ಟೇಪು, ದಾರಗಳೆಲ್ಲ ತಟ್ಟೆಗೆ ಬಿದ್ದ ಮೇಲೆ ಅವಳು ತಟ್ಟೆಯನ್ನು ಕೆಳಗಿಟ್ಟು, ಹುಡುಗಿಯ ಎದೆಯ ಕಡೆಗೆ ಕೈಮುಗಿದು, ‘ಇದರಲ್ಲಿ ದೇವರಿದ್ದಾರಲ್ಲ, ನಾನು ಮುಟ್ಟುವುದಿಲ್ಲ. ನೀವೇ ತೆಗೀರಿ ಬಾಬಾ’ ಎಂದಳು.

ಅಮರಯ್ಯ ಮಂತ್ರ ಹೇಳುತ್ತ ಎಡ ಅಂಗೈ ಮುಂದೆ ಚಾಚಿ, ಬಲಗೈಯಿಂದ ಶಿವದಾರವನ್ನು ಮಗಳ ತಲೆಯ ಮೇಲಿಂದ ಎತ್ತಿದ. ದಾರ ಕಿವಿಗೆ ಸಿಕ್ಕಿತು, ಬಿಡಿಸಿದ. ಅವಳು ದೊಡ್ಡವಳಾದ ಮೇಲೆ ಇಷ್ಟು ಹತ್ತಿರದಿಂದ ಅವಳ ಕಿವಿಯನ್ನು ನೋಡಿರಲಿಲ್ಲ. ಕರಡಿಗೆ ಅಂಗೈಗೆ ಇಳಿಯಿತು. ಇಳಿಯಿತು, ಆದರೆ ಕೂರಲಿಲ್ಲ. ಯಾತ್ರಿಕರು ಬಿರುಕು ಬಿಟ್ಟ ಲಿಂಗಗಳನ್ನು ಅವನ ಹತ್ತಿರ ತರುತ್ತಿದ್ದರು. ಮೇಲಿನ ಕಪ್ಪು ಲೇಪವಾದ ಕಂತಿಯನ್ನು ಮತ್ತೆ ಮೆತ್ತಿ ನುಣುಪು ಮಾಡಿ ಕೊಡುವುದು ಅವನ ಕೆಲಸ. ಈ ಲಿಂಗಕ್ಕೂ ಕಂತಿ ಮೆತ್ತಿದ್ದು ಅವನೇ, ತೊಟ್ಟಿಲ ಪಕ್ಕ ಕೂತು. ಅದರ ಭಾರ ಅಂಗೈಗೆ ಗೊತ್ತಿತ್ತು. ಈಗ ಅಂಗೈಯ ಮೇಲಿದ್ದದ್ದು ಬೆಳ್ಳಿಯ ಭಾರ ಮಾತ್ರ. ಅವನು ಅಲುಗಾಡಿಸಲಿಲ್ಲ, ತೆರೆಯಲಿಲ್ಲ. ಮಂತ್ರ ಬಾಯಲ್ಲಿ ತನ್ನ ಪಾಡಿಗೆ ಇನ್ನೂ ಸ್ವಲ್ಪ ದೂರ ನಡೆದು ನಿಂತಿತು. ಮಗಳನ್ನು ನೋಡಿದ. ಅವಳು ಮೊದಲ ಸಲ ಗೋಡೆಯನ್ನಲ್ಲ, ಅವನನ್ನು ನೋಡುತ್ತಿದ್ದಳು. ಹೆಂಡತಿಯನ್ನು ನೋಡಿದ. ತಾರಾದೇವಿ ನೆಲ ನೋಡುತ್ತಿದ್ದಳು. ಅವಳಿಗೆ ಆಶ್ಚರ್ಯವಾಗಿರಲಿಲ್ಲ.

‘ಏನಾಯಿತು?’ ಎಂದಳು ಡಾಕ್ಟರಮ್ಮ.

ಏನೂ ಇಲ್ಲ ಎನ್ನಬಹುದಿತ್ತು. ಆಯಾ ಇನ್ನೂ ಕೈಮುಗಿದೇ ನಿಂತಿದ್ದಳು. ದೇವರಿದ್ದಾನೆ ಎಂದು ಕೂಗಿದ ಬಾಗಿಲು ಅದೇ, ಬೆಂಚುಗಳು ಅವೇ. ಮುಷ್ಟಿ ಮುಚ್ಚಿ ಜೇಬಿಗೆ ಇಳಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಠದಲ್ಲಿ ಕೀಲಿ ಕೊಡುತ್ತ, ಪಾದ ಕೊಡುತ್ತ ಇರಬಹುದಿತ್ತು. ಆದರೆ ಈ ಖಾಲಿ ಭರಣಿ ಏನು ಹೇಳುತ್ತಿದೆಯೆಂದು ಈ ಆಸ್ಪತ್ರೆಯಲ್ಲಿ ಓದಬಲ್ಲವನು ಅವನೊಬ್ಬನೇ. ಡಾಕ್ಟರಮ್ಮ ಎಷ್ಟು ಓದಿದ್ದರೂ ಅವಳಿಗೆ ಇದು ದಕ್ಕುವುದಿಲ್ಲ. ಮಗಳು ಹಿಂದಿಯಲ್ಲಿ ಎಲ್ಲ ಹೇಳಿ ಇದೊಂದನ್ನು ಹೇಳಿರಲಿಲ್ಲ. ಇದು ಹಿಂದಿಯಲ್ಲಿ ಇರಲಿಲ್ಲ. ಅವನು ಬಾಯಿ ತೆರೆದ. ಖಾಲಿ ಇದೆ ಎಂದ. ಇದು ಹೋದವರು ನಮ್ಮಲ್ಲಿ ಬದುಕಬಾರದು ಅಂತ ಒಂದು ಮಾತಿದೆ, ಈಗ ಯಾರೂ ನಡೆಸುವುದಿಲ್ಲ, ಅದು ಕಥೆ, ಅದನ್ನು ಇವಳಿಗೆ ನಾನೇ ಹೇಳಿದ್ದೆ, ಸಣ್ಣವಳಿದ್ದಾಗ, ಬಹಳ ಸಲ. ತರಕಾರಿ ಅಂಗಡಿಯ ಹಿಂದಿಯಲ್ಲಿ ಇಷ್ಟು ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಯಾವಾಗಿನಿಂದ ಖಾಲಿ ಎಂದಳು ಡಾಕ್ಟರಮ್ಮ. ಅವನಿಗೆ ಗೊತ್ತಿರಲಿಲ್ಲ. ಮಗಳ ಕಡೆ ತಿರುಗಿದ.

‘ಯಾವಾಗವಾ?’

‘ದೀಪಾವಳಿ ಮುಂದ, ಅಪ್ಪಾಜಿ.’ ಕನ್ನಡದಲ್ಲಿ, ಸಣ್ಣಗೆ. ‘ಹೊಳ್ಯಾಗ ಬಿಟ್ಟೆ. ಆಮ್ಯಾಲೆ ನಾನೂ ಇಳೀಬೇಕಾಗಿತ್ತು. ಧೈರ್ಯ ಆಗಲಿಲ್ಲ. ದಿನಾ ನಾಳಿ ನಾಳಿ ಅನಕೋತ...’ ತಪ್ಪು ಮಾಡಿದವಳ ಹಾಗೆ ಬೆರಳು ಹಿಸುಕಿಕೊಂಡಳು. ‘ಕಳುವಿನ ಒಡವಿ ಇಟ್ಕೊಂಡಂಗ ಆಗಿತ್ತು.’

ಅಮರಯ್ಯ ಅದನ್ನು ಹಿಂದಿಗೆ ತಿರುಗಿಸಿದ. ಕೊನೆಯ ಮಾತನ್ನೂ ಬಿಡಲಿಲ್ಲ. ‘ಹೋದ ಸೋಮವಾರವೇ ಇದು...’ ಎಂದು ಡಾಕ್ಟರಮ್ಮ ಶುರು ಮಾಡಿ ನಿಲ್ಲಿಸಿ, ಮೂಗು ಒರೆಸಿಕೊಂಡಳು. ಆಮೇಲೆ ಒಳಗಿನ ನರ್ಸಿಗೆ, ಕಿಟಕಿಯ ಹಾಸಿಗೆ ಬೇಡ, ನಿನ್ನ ಮೇಜಿನ ಎದುರಿನದನ್ನು ಕೊಡು ಎಂದಳು. ವರ್ಷಿಣಿಯ ಭುಜದ ಮೇಲೆ ಕೈಯಿಟ್ಟು ಒಳಗೆ ಕರೆದೊಯ್ದಳು. ಹೋಗುವಾಗ ಹುಡುಗಿ ಹಿಂದಿರುಗಿ ನೋಡಲಿಲ್ಲ. ಬಾಗಿಲಿಗೆ ಒಳಗಿನಿಂದ ಚಿಲಕ ಬಿತ್ತು. ಆಯಾ ಮುಗಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ, ನಿಧಾನವಾಗಿ ಬಿಡಿಸಿ, ತಟ್ಟೆ ಎತ್ತಿಕೊಂಡಳು.

ಗಂಡಹೆಂಡತಿ ಬೆಂಚಿನ ಮೇಲೆ ಕೂತರು. ಕರಡಿಗೆ ಅವನ ಎಡ ಅಂಗೈಯಲ್ಲೇ ಇತ್ತು. ಕೊನೆಗೆ ತೆರೆದು ನೋಡಿದ. ಲಿಂಗ ಸುತ್ತುವ ಬಿಳಿ ಬಟ್ಟೆಯನ್ನು ಅಲುಗದ ಹಾಗೆ, ಸಪ್ಪಳವಾಗದ ಹಾಗೆ, ಚೌಕವಾಗಿ ಮಡಿಚಿ ಇಟ್ಟಿದ್ದಳು. ತಾಯಿ ಕಲಿಸಿದ ಮಡಿಕೆ.

‘ನಿನಗ ಗೊತ್ತಿತ್ತು’ ಎಂದ.

‘ತಲಿ ಎರೆಯೂ ಮುಂದ ಕೈಗೆ ಹತ್ತಿತ್ತು. ಹಗರ ಇತ್ತು.’

‘ಹೋದ ಸೋಮವಾರ ನಾ ಇಲ್ಲೆ ಬಾಯಿ ಮಾಡಾಕತ್ತಿದ್ದೆ. ಆವಾಗರೆ ಹೇಳಬಾರದಿತ್ತ?’

‘ಅಂಜಿದೆ ರೀ’ ಎಂದಳು ತಾರಾದೇವಿ. ‘ಲಿಂಗಾ ಬಿಟ್ಟಾಕಿ ಅಂತ ತಿಳಿದ್ರ ಕೂಸಿನ್ನ ಇಲ್ಲೇ ಬಿಟ್ಟು ಹೋಗೂಣು ಅಂತೀರಿ ಅಂದ್ಕೊಂಡೆ. ಮತ್ತ ತಿರುಗಿ ಮನಿಗೆ ಕರಕೊಳ್ಳಾಂಗಿಲ್ಲ ಅಂದ್ಕೊಂಡೆ.’

ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಲು ಅಮರಯ್ಯ ಬಾಯಿ ತೆರೆದ. ಹೋದ ಸೋಮವಾರದ ಅಮರಯ್ಯನನ್ನು, ಬೆಂಚಿನವರೆಲ್ಲ ನೋಡುವಂತೆ ಕೂಗುತ್ತಿದ್ದವನನ್ನು, ಎದುರಿಗೆ ನಿಲ್ಲಿಸಿ ಕೇಳಿ ನೋಡಿದ. ಅವನು ಏನು ಮಾಡುತ್ತಿದ್ದನೋ ಇವನಿಗೆ ತಿಳಿಯಲಿಲ್ಲ. ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ರೋಣದ ಮುದುಕಿಗೆ ಬಿಸಿನೀರು ಬಂದಿರಲಿಕ್ಕಿಲ್ಲ. ಎದ್ದು ನಿಂತ. ವಾರ್ಡಿನ ಬಾಗಿಲಿಗೆ ಕಣ್ಣಿನ ಮಟ್ಟದಲ್ಲಿ ಒಂದು ಗಾಜಿನ ತುಂಡಿತ್ತು. ಅದರಾಚೆ ನರ್ಸಿನ ಮೇಜು, ಅದರೆದುರು ಹಾಸಿಗೆ, ಹಾಸಿಗೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ವರ್ಷಿಣಿ. ಕೂದಲು ಬಿಚ್ಚಿ ಹರಡಿತ್ತು, ದೊಗಳೆ ಪೈಜಾಮದಲ್ಲಿ ಅವಳು ಹತ್ತು ವರ್ಷದವಳ ಹಾಗೆ ಕಂಡಳು. ನರ್ಸು ಮಾತ್ರೆಯನ್ನೂ ಕಾಗದದ ಲೋಟದಲ್ಲಿ ನೀರನ್ನೂ ಕೊಟ್ಟಳು. ಹುಡುಗಿಯ ಬಲಗೈ ಎದ್ದು ಎದೆಗೆ ಹೋಯಿತು. ಅಲ್ಲಿ ಏನೂ ಸಿಗಲಿಲ್ಲ. ಕೈ ಅಲ್ಲೇ ನಿಂತಿತು, ದಾರಿ ತಪ್ಪಿದವರು ಯಾರದೋ ಮನೆಬಾಗಿಲಲ್ಲಿ ನಿಂತ ಹಾಗೆ. ಅಮರಯ್ಯ ಗಾಜಿಗೆ ಹಣೆ ಒತ್ತಿದ. ಅವನ ಎಡಗೈ ಖಾಲಿ ಕರಡಿಗೆಯ ಮೇಲೆ ಒಂದೊಂದೇ ಬೆರಳು ಮಡಿಸಿತು. ಒಳಗೆ ಕೈ ಇನ್ನೂ ಎದೆಯ ಮೇಲೆಯೇ ಇತ್ತು. ಆಮೇಲೆ ಇಳಿಯಿತು, ಲೋಟ ಹಿಡಿಯಿತು. ಅವಳು ನೀರು ಕುಡಿದಳು.